ಗುಜರಿ ಮಾಲೀಕಮ್ಮ

“ಥೂ, ಇವಳಾ ಮಾಲೀಕಿ? ಮೊದ್ಲು ಕೈ ತೊಳ್ಕೊಂಡು ಬರೋಕೆ ಹೇಳ್ರಿ.”

ತೆರಿಗೆ ಸಾಹೇಬ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಹೀಗೆಂದಾಗ ನಾವು ಹೆಂಗಸರೆಲ್ಲ ಗುಜರಿ ಗೋಡೌನಿನ ನೆಲದ ಮೇಲೆ ಕೂತು ಬಾಟಲಿ ಮುಚ್ಚಳ ಬಿಚ್ಚುತ್ತಿದ್ದೆವು. ಅವನು ಬಂದವನೇ “ಮಾಲೀಕರು ಯಾರು?” ಎಂದು ಕೇಳಿದ್ದ. ಧಣಿ ಕುರ್ಚಿ ಬಿಟ್ಟು ಏಳಲಿಲ್ಲ, ಬಾಯಿಯನ್ನೂ ಬಿಡಲಿಲ್ಲ. ನಮ್ಮ ಕಡೆ ಒಮ್ಮೆ ಕಣ್ಣು ಹಾಯಿಸಿದ, ಅಷ್ಟೇ. ನಾವು ಬೆರಳೆತ್ತಿ ಅಕ್ಕನನ್ನು ತೋರಿಸಿದೆವು. ಮೊದಲು ಎದ್ದ ಬೆರಳು ನನ್ನದು.

ಅಕ್ಕ ನಮ್ಮೆಲ್ಲರಿಗಿಂತ ಹಿರಿಯಳು. ಹಿಂದೊಮ್ಮೆ ಧಣಿಯ ಲೆಕ್ಕದವನು ಅವಳ ಹತ್ತಿರ ಬಂದು, “ಹೆಂಗಸರ ಹೆಸರಲ್ಲಿ ಅಂಗಡಿ ಇದ್ರೆ ಸರ್ಕಾರ ಸಾಲ ಕೊಡತ್ತಕ್ಕಾ, ಮನೆ ಸೂರು ರಿಪೇರಿಗೆ ಆಗತ್ತೆ” ಎಂದು ಪುಸಲಾಯಿಸಿದ್ದ. ಕೆಲಸ ಮಾಡಿ ಮಾಡಿ ಸವೆದ ಅವಳ ಹೆಬ್ಬೆರಳಿನ ಗುರುತು ಯಂತ್ರಕ್ಕೆ ಹತ್ತಲೇ ಇಲ್ಲ. ಆ ಬೋಳಿಮಗ ತಾನೇ ಸೋಪು ಹಚ್ಚಿ, ಎಣ್ಣೆ ತಿಕ್ಕಿ, ಮತ್ತೆ ಮತ್ತೆ ಒತ್ತಿಸಿದ. ಆಮೇಲೆ ಅವಳ ಹೆಸರು ಬರೆಸಿದ ಹೊಸ ಬೋರ್ಡಿನ ಮುಂದೆ ಅವಳನ್ನು ನಿಲ್ಲಿಸಿ ಫೋಟೋ ಹೊಡೆಸಿದ.

ನಾವು ಸುಮ್ಮನಿರುತ್ತೇವೆಯೇ? “ಮಾಲೀಕಮ್ಮಾ, ಸಂಬಳ ಜಾಸ್ತಿ ಮಾಡಮ್ಮಾ” ಎಂದು ಕಾಡುತ್ತಿದ್ದೆವು. “ಮೈ ಬಗ್ಗಿಸಿ ಕೆಲಸ ಮಾಡ್ರೇ, ಆಮೇಲೆ ನೋಡೋಣ” ಎಂದು ಅವಳು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಅವಳಿಗೆ ಖುಷಿಯಾಗಿತ್ತು. ಒಂದು ಫೋಟೋ ಕೇಳಿ ಇಸಿದುಕೊಂಡು, ಕಟ್ಟು ಹಾಕಿಸಿ, ಮನೆ ಗೋಡೆಗೆ ನೇತುಹಾಕಿದಳು. ಸಾಲ ಮಾತ್ರ ಬರಲೇ ಇಲ್ಲ. ಅವಳ ಹೆಸರಿನಲ್ಲಿ ಧಣಿ ಸುಳ್ಳು ಬಿಲ್ಲು ಹರಿದು ತೆರಿಗೆ ನುಂಗುತ್ತಿದ್ದನೆಂದು ನಮಗೆ ತಿಳಿದದ್ದು ಈ ಸಾಹೇಬ ಬಂದ ಮೇಲೆ.

“ನಂಗೇನೂ ಗೊತ್ತಿಲ್ಲ ಸ್ವಾಮಿ” ಎಂದಳು ಅಕ್ಕ.

“ಎಲ್ಲಾ ಕಳ್ಳರೂ ಇದನ್ನೇ ಹೇಳೋದು. ನಡಿ, ಮನೆ ತೋರ್ಸು.”

ಅವಳ ಮನೆ ಎಂದರೆ ತಾಯಿ ಬಿಟ್ಟುಹೋದ ಒಂದೇ ಕೋಣೆ. ಬೀದಿಯವರೆಲ್ಲ ಬಾಗಿಲಿಗೆ ಬಂದರು. ಬೆರಳೆತ್ತಿದ ನಾವೂ ನಾಚಿಕೆಯಿಲ್ಲದೆ ಹಿಂದೆ ಹೋಗಿದ್ದೆವು. ಸಾಹೇಬ ಬೂಟು ಬಿಚ್ಚದೆ ಒಳಗೆ ನುಗ್ಗಿ, ಗೋಡೆ ನೋಡಿ ನಕ್ಕ.

“ಗೊತ್ತಿಲ್ವಾ? ಬೋರ್ಡಿನ ಮುಂದೆ ಹಲ್ಲು ಕಿರೀತಾ ನಿಂತಿರೋದು ಯಾರು, ನಿಮ್ಮಜ್ಜಿನಾ?”

ಅಕ್ಕನ ಗಂಡ ಕೈಗಾಡಿ ಎಳೆಯುವವನು. ಬೀದಿಯವರ ಎದುರೇ ಫೋಟೋ ಕಿತ್ತು ಅವಳ ಕೈಗೆ ತುರುಕಿದ. “ಇಟ್ಕೊಳ್ಳೆ, ಮಾಲೀಕಿ! ಇನ್ನು ನಾನು ಯಾವ ಮುಖ ಹೊತ್ಕೊಂಡು ಬೀದೀಲಿ ಓಡಾಡ್ಲಿ?”

ಅವಳು ಫೋಟೋವನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು. ಅದರಲ್ಲಿ ತಾನು ನಕ್ಕಿದ್ದೇ ತಪ್ಪು ಎಂಬಂತೆ ತಲೆ ತಗ್ಗಿಸಿದಳು. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು.

“ಸಂಜೆಯೊಳಗೆ ಖಾಲಿ ಮಾಡಿ. ಮನೆಗೆ ಬೀಗ ಜಡೀತೀವಿ” ಎಂದ ಸಾಹೇಬ. “ಮಾಲೀಕರು ಯಾರೋ ಹೊಣೆ ಅವರದ್ದೇ. ಗೋಡೌನೂ ನಿಂದೇ, ತೆರಿಗೆ ಬಾಕೀನೂ ನಿಂದೇ.”

ಅಕ್ಕ ತಲೆ ಎತ್ತಿದಳು. “ಗೋಡೌನೂ ನಂದೇನಾ ಸ್ವಾಮಿ?”

“ನಿಂದೇ ಕಣಮ್ಮ. ಎಷ್ಟು ಸಲ ಹೇಳ್ಬೇಕು?”

ಸಾಹೇಬ ಹೊರಟ ಮೇಲೆ ಅವಳು ಬಾಗಿಲ ಚಿಲಕದಿಂದ ತನ್ನ ಬೀಗ ಕಳಚಿಕೊಂಡು ಹೊರಟಳು. ಎಲ್ಲಿಗೆ ಎಂದು ಕೇಳುವ ಮುಖ ನಮಗಿರಲಿಲ್ಲ, ಹಿಂದೆಯೇ ಹೋದೆವು. ಗೋಡೌನಿನಲ್ಲಿ ಧಣಿಯೂ ಸಾಹೇಬನೂ ಎದುರುಬದುರು ಕೂತು ಚಹಾ ಕುಡಿಯುತ್ತಿದ್ದರು. ಧಣಿ ಏನೋ ಹೇಳಿದ, ಸಾಹೇಬ ನಕ್ಕ. ಅಕ್ಕ ಎರಡೂ ಕೈಗಳಿಂದ ಶಟರ್ ಹಿಡಿದು ಕೆಳಗೆಳೆದಳು. ಬೀಗ ಮೊದಲ ಸಲ ತಪ್ಪಿತು, ಆಮೇಲೆ ಕೂತಿತು.

ಒಳಗಿನಿಂದ ಧಣಿ ಶಟರ್ ಗುದ್ದಿದ. “ಏ ಮುಂಡೇದೇ! ಯಾರ ಗೋಡೌನು ಅಂದ್ಕೊಂಡಿದ್ದೀಯೇ?”

“ಸಾಹೇಬ್ರು ಅಲ್ಲೇ ಇದ್ದಾರಲ್ಲ, ಕೇಳು.”

ಗಲಾಟೆ ಕೇಳಿ ಲೆಕ್ಕದವನು ಓಡಿಬಂದ. “ಬೀಗದಕೈ ಯಾರ ಹತ್ರ ಇದೆ? ಯಾರೇ ಹಾಕಿದ್ದು? ಬಾಯಿ ಬಿಡ್ರೇ, ಇಲ್ದಿದ್ರೆ ನಾಳೆಯಿಂದ ಒಬ್ಬಳಿಗೂ ಕೆಲಸ ಇಲ್ಲ!”

ಅಕ್ಕ ಗೋಡೌನಿನ ಎದುರಿನ ಕಲ್ಲಿನ ಮೇಲೆ ಕೂತಿದ್ದಳು. ಫೋಟೋ ಮಡಿಲಲ್ಲಿತ್ತು. ಅವಳು ನಮ್ಮ ಕಡೆ ನೋಡಲಿಲ್ಲ. ಇವರು ಈ ಸಲವೂ ಬೆರಳು ತೋರಿಸುತ್ತಾರೆ ಅಂತಲೇ ಅಂದುಕೊಂಡಿರಬೇಕು.

ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಪಕ್ಕದವಳೂ ಕಟ್ಟಿಕೊಂಡಳು.