ನಡುವಿನ ನೇರಳೆ ತುಂಡು

ನಾನು ಒಂದು ಕೌದಿ. ಸವದತ್ತಿ ಕಡೆಯ ಹಳ್ಳಿಯೊಂದರಲ್ಲಿ, ಚಂಬವ್ವನ ತೊಡೆಯ ಮೇಲೆ ಹುಟ್ಟಿದೆ. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಅವಳು ಹಾಕಿದ ಹೊಲಿಗೆಯನ್ನೆಲ್ಲ ಬಿಚ್ಚಿದರೆ ಆ ದಾರ ಕಾಶಿಗೆ ಹೋಗಿ ತಿರುಗಿ ಬಂದೀತು. ಭಾರವೂ ಹಾಗೆಯೇ. ನನ್ನನ್ನು ಹೊದ್ದವರು ಮಗ್ಗುಲು ಬದಲಿಸಲು ಊರವರನ್ನು ಕರೆಯಬೇಕು.

ನನ್ನ ನಟ್ಟನಡುವೆ ಒಂದು ನೇರಳೆ ತುಂಡಿದೆ. ಅದು ಚಂಬವ್ವನ ಗಂಡನ ತಂಗಿ ಬಾಳವ್ವನ ಸೀರೆ. ಅವರದು ಸಾಟಿ ಲಗ್ನ: ಚಂಬವ್ವ ಈ ಮನೆಗೆ ಸೊಸೆಯಾಗಿ ಬಂದಳು, ಬಾಳವ್ವ ಚಂಬವ್ವನ ಅಣ್ಣನ ಹೆಂಡತಿಯಾಗಿ ಹೋದಳು. ಒಬ್ಬಳು ತವರಿಗೆ ಮರಳಿದರೆ ಇನ್ನೊಬ್ಬಳನ್ನೂ ಮರಳಿ ಅಟ್ಟುವುದು ರೂಢಿ. ಇಲ್ಲಿ ಚಂಬವ್ವನಿಗೆ ಬಂಗಾರದಂಥ ಗಂಡ, ಮಡಿಲಲ್ಲಿ ಕೂಸು. ಅಲ್ಲಿ ಬಾಳವ್ವನಿಗೆ ದಿನವೂ ಏಟು. ನಾಗರಪಂಚಮಿಗೆ ತವರಿಗೆ ಬಂದವಳು ಬಾಸುಂಡೆಯ ಮೇಲೆ ಸೆರಗು ಎಳೆದುಕೊಂಡು, ಕೂಸಿನ ಗಲ್ಲ ಹಿಂಡಿದಳು.

"ನಾ ಇಲ್ಲೇ ಕುಂತ್ರ ನಿಮ್ಮವ್ವನ್ನ ಕಳಸ್ತಾರೋ, ಹುಚ್ಚಪ್ಪಾ" ಎಂದು ನಕ್ಕು, ಹೊರಟುಹೋದಳು.

ಮುಂದಿನ ಪಂಚಮಿಗೆ ಅವಳ ಸೀರೆಯಷ್ಟೇ ಬಂತು.

ಆ ಕೂಸು ಬೆಳೆದು ಶಿದ್ದಪ್ಪನಾದ. ಅವನ ಮಗಳು ರೋಹಿಣಿ ಧಾರವಾಡದ ಕಾಲೇಜು ಸೇರಿದಳು. ಒಂದು ದಿನ ಕುಣಿಯುತ್ತ ಬಂದು, ಕಾಲೇಜಿನವರು ತನ್ನನ್ನು ಅರ್ಧ ವರ್ಷ ಜರ್ಮನಿಗೆ ಓದಲು ಕಳಿಸುತ್ತಾರೆ, ಅಲ್ಲಿಯ ಹುಡುಗಿಯೊಬ್ಬಳು ಇಲ್ಲಿಗೆ ಬರುತ್ತಾಳೆ ಎಂದಳು. ಶಿದ್ದಪ್ಪ ತಾಯಿಯ ಮುಖ ನೋಡಿದ. ಅವಳು ಹೂಂ ಅನ್ನದೆ ಆ ಮನೆಯಲ್ಲಿ ಬೆಕ್ಕೂ ಹೊಸ್ತಿಲು ದಾಟುತ್ತಿರಲಿಲ್ಲ.

ಕತ್ತೆಗೂ ಚೇಷ್ಟೆ ಮಾಡುವ ಚಂಬವ್ವ ಅಂದು ನಗಲಿಲ್ಲ.

"ಬರೂ ಹುಡಿಗಿ ಹೆಂಗದಾಳ?"

"ಆಕಿ ಹೆಂಗಿದ್ರ ನಿನಗೇನ್, ಆಯಿ? ಹೋಗಾಕಿ ನಾನು."

"ಆಕಿ ಇಲ್ಲಿ ಸುಖದಿಂದ ಇದ್ರನ ನೀ ಅಲ್ಲಿ ಸುಖದಿಂದ ಇರತಿ. ನಿನಗೇನ್ ಗೊತ್ತೈತಿ, ಕೋಳಿಮರಿ!"

ಕಡೆಗೆ ಹೂಂ ಅಂದಳು. ಆದರೆ ನನ್ನನ್ನು ಆ ಹುಡುಗಿಗೆ ಕೊಡಬೇಕೆಂದಳು. ರೋಹಿಣಿ ವಿಮಾನ ಹತ್ತಿದಳು. ನಾನು ಬಸ್ಸು ಹತ್ತಿ ಧಾರವಾಡದ ಹಾಸ್ಟೆಲ್ಲಿಗೆ ಹೋದೆ.

ಹುಡುಗಿಯ ಹೆಸರು ಲೇನಾ. ಕೂದಲು ಗೋವಿನಜೋಳದ ತೆನೆಯ ಎಳೆಯಂತೆ. ಸಂತೆಯ ದಿನ ಬಂತೆಂದರೆ ಚಂಬವ್ವ ರೊಟ್ಟಿಯ ಗಂಟು ಹೊತ್ತು ಹಾಜರು. ಅವಳ ಶೇಂಗಾ ಚಟ್ನಿ ತಿಂದು ಲೇನಾಳ ಕಿವಿಯಿಂದ ಹೊಗೆ ಬಂದದ್ದನ್ನು ನಾನೇ ಕಂಡಿದ್ದೇನೆ.

ಆಮೇಲೆ ಆ ಹುಡುಗಿಗೆ ತಾಯಿಯ ನೆನಪು ಹತ್ತಿತು. ಊಟ ಬಿಟ್ಟಳು. ನನ್ನ ಅಂಚನ್ನು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು. ಆ ವಾರ ಬಂದ ಚಂಬವ್ವ ಊದಿದ ಕಣ್ಣುಗಳನ್ನು ನೋಡಿದಳು. ಲೇನಾ ಬೇಗನೆ ನಕ್ಕಳು. ಆ ನಗು ಚಂಬವ್ವನಿಗೆ ಗುರುತಿತ್ತು. ರೊಟ್ಟಿಯ ಗಂಟನ್ನು ಅಲ್ಲೇ ಬಿಟ್ಟು ಉಮಚಗಿ ಮೇಡಮ್ಮನ್ನು ಕರೆತಂದಳು. ಹುಡುಗಿಯರನ್ನು ಕಳಿಸುವುದು, ಕರೆಸುವುದು ಆ ಮೇಡಮ್ಮಿನ ಕೆಲಸ.

"ಅಕ್ಕಾರ, ಈ ಕೂಸಿನ್ನ ಅವರವ್ವನ ಕಡೆ ಕಳಸ್ರಿ. ನಮ್ಮ ರೋಹಿಣಿನ್ನ ಹೊಳ್ಳಿ ಕರಸ್ರಿ. ಆಕಿ ಓದು ನಿಂತ್ರ ನಿಂತೀತು. ನಮ್ಮಾಕಿ ಸಲವಾಗಿ ಈಕಿ ಇಲ್ಲಿ ಕೊರಗೂದು ಬ್ಯಾಡ."

ಮೇಡಮ್ಮಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಮುದುಕಿಯ ಕೈ ಹಿಡಿದುಕೊಂಡರು.

"ಹಂಗಿಲ್ರಿ, ಆಯಿ. ಈಕಿ ಹ್ವಾದ್ರೂ ರೋಹಿಣಿ ಅಲ್ಲೇ ಓದತಾಳ. ಯಾರಿಗೆ ತ್ರಾಸ ಆಗತೈತಿ ಅವರು ತಿರುಗಿ ಬರಬಹುದು. ಒಬ್ಬರ ಮ್ಯಾಲೆ ಒಬ್ಬರ ಹೊಣಿ ಇಲ್ಲ."

"ಒಬ್ಬಾಕಿ ಬಂದ್ರ... ಇನ್ನೊಬ್ಬಾಕಿನ್ನ ಕಳಸೂದಿಲ್ಲೇನ್ರಿ?"

"ಇಲ್ರಿ."

ಚಂಬವ್ವ ಹಾಸಿಗೆಯ ಮೇಲಿದ್ದ ನನ್ನನ್ನು ಮಡಿಲಿಗೆ ಎಳೆದುಕೊಂಡಳು.

ಲೇನಾ ಅವಳನ್ನು ಅಪ್ಪಿಕೊಂಡು, ನನ್ನನ್ನು ಮಡಚಿ ಅವಳ ಕೈಗಿಟ್ಟು ತನ್ನೂರಿಗೆ ಹೋದಳು. ರೋಹಿಣಿ ಅಲ್ಲೇ ಉಳಿದು ಓದಿದಳು, ಹಿಮದಲ್ಲಿ ನಿಂತು ಫೋಟೋ ಕಳಿಸಿದಳು.

ನನಗೀಗ ವಯಸ್ಸಾಗಿದೆ. ದಾರ ಸಡಿಲಾಗಿ ಅಲ್ಲಲ್ಲಿ ಬಾಯಿ ಬಿಟ್ಟಿದ್ದೇನೆ. ಚಂಬವ್ವ ನನ್ನನ್ನು ಒಗೆದು ಅಂಗಳದ ಬಿಸಿಲಿಗೆ ಹಾಸಿ ಪಕ್ಕದಲ್ಲೇ ಕೂರುತ್ತಾಳೆ. ನೇರಳೆ ತುಂಡಿನ ಮೇಲೆ ಕೈಯಾಡಿಸುತ್ತಾಳೆ.

"ಬಂದ್ ಬಿಡಬೇಕಿತ್ತಲ್ಲ, ಬಾಳವ್ವಾ. ನಾ ಹೊಂಟಹೋಗತಿದ್ನಿ."

ಉಳಿದ ತುಂಡುಗಳೆಲ್ಲ ಒಂದು ಗಳಿಗೆಯಲ್ಲಿ ಒಣಗುತ್ತವೆ. ನಡುವಿನದು ಮಾತ್ರ ಸಂಜೆಯವರೆಗೂ ಹಸಿಯಾಗಿಯೇ ಇರುತ್ತದೆ.