ಅವ್ವನ ಬೆನ್ನು, ಹೀರೋಯಿನ್ ಮುಖ

"ಇನ್ನೂ ಸ್ವಲ್ಪ ಬಗ್ಗಿ ಸಿದ್ದಮ್ಮ. ಬೆನ್ನು ಕಾಣ್ಬೇಕು. ಮುಖ ಬೇಡ, ಮುಖ ಆಚೆ ತಿರುಗಿಸ್ಕೊಳ್ಳಿ."

ಅವ್ವ ಬಗ್ಗಿದಳು. ಎರಡು ಕೈಯನ್ನೂ ಬೊಗಸೆ ಮಾಡಿ ಬಾಯಿಗೆ ಹಚ್ಚಿದಳು. ಜಗಲಿಯ ಮೇಲೆ ನಿಂತಿದ್ದ ತೋಟದ ಯಜಮಾನ ಸದಾಶಿವಯ್ಯ ಹಿತ್ತಾಳೆ ಚೊಂಬು ಎತ್ತಿ ಮೇಲಿನಿಂದ ನೀರು ಹೊಯ್ದ. ಸೀನಿನ ನಂಬರು ಕೂಗಿ ಕ್ಲ್ಯಾಪ್ ಹಲಗೆ ಬಡಿದವಳು ನಾನೇ, ಅವಳ ಮಗಳು.

"ಕಟ್. ಒನ್ ಮೋರ್" ಎಂದರು ಡೈರೆಕ್ಟರ್ ನಿಸರ್ಗ ಮೇಡಂ.

ಬೆಳಿಗ್ಗೆ ಈ ಬೊಗಸೆಗೆ ಹೀರೋಯಿನ್ನೇ ಕೂತಿದ್ದರು. ನೀರೆಲ್ಲ ಮೊಣಕೈಗೆ ಇಳಿದು ಸೀರೆ ಒದ್ದೆಯಾಯಿತು, ತೆಂಗಿನಕಾಯಿ ಮಟ್ಟೆಯ ದೂಳಿಗೆ ಕಣ್ಣು ಕೆಂಪಾಯಿತು. ಈಗ ಅವರು ಕಾರಿನಲ್ಲಿ ಗಾಜು ಏರಿಸಿಕೊಂಡು, ಏಸಿ ಹಾಕಿಕೊಂಡು ಎಳನೀರು ಕುಡಿಯುತ್ತಿದ್ದಾರೆ. ಕೈ, ಬೆನ್ನು ಅವ್ವನದು, ಮುಖ ಹೀರೋಯಿನ್ನದು. ಎಡಿಟಿಂಗ್‌ನಲ್ಲಿ ಎರಡನ್ನೂ ಅಂಟಿಸುತ್ತಾರಂತೆ.

ಅವ್ವನಿಗೆ ಏನೂ ಹೇಳಿಕೊಡಬೇಕಾಗಿರಲಿಲ್ಲ. ಸದಾಶಿವಯ್ಯನಿಗೂ ಅಷ್ಟೇ. ಚೊಂಬು ಎಷ್ಟು ಎತ್ತರ ಹಿಡಿದರೆ ಹನಿ ಸಿಡಿದು ತನಗೆ ತಾಗುವುದಿಲ್ಲ ಎಂಬುದು ಅವನ ಕೈಗೇ ಗೊತ್ತಿತ್ತು.

"ಎಷ್ಟು ನ್ಯಾಚುರಲ್ ಸಾರ್ ನೀವು! ಆಕ್ಟಿಂಗ್ ಅಂತ ಅನ್ಸೋದೇ ಇಲ್ಲ" ಎಂದರು ಮೇಡಂ.

ಸದಾಶಿವಯ್ಯ ಉಬ್ಬಿಹೋದ. "ನಮ್ಮಪ್ಪ ಹಿಂಗೇ ಹುಯ್ತಿದ್ದ ಕಣಮ್ಮ. ಈಗ ಯಾವನ್ ಮಾಡ್ತಾನೆ ಅದ್ನೆಲ್ಲ? ಕಾಲ ಕೆಟ್ಟೋಯ್ತು, ಬುಡಿ."

ಅವನ ಮಾತು ಮುಗಿಯುವ ಹೊತ್ತಿಗೆ ಅವನ ಮನೆಯಿಂದ ಚಾ ಬಂತು. ಕ್ಯಾಮೆರಾದವರಿಗೆ, ಲೈಟಿನವರಿಗೆ ಸ್ಟೀಲ್ ಲೋಟ. ಅಂಗಳದಲ್ಲಿ ಮಚ್ಚು ಹಿಡಿದು ಕೊಬ್ಬರಿಯ ಕರಟ ಬಿಡಿಸುತ್ತಿದ್ದ ನಮ್ಮ ಕೇರಿಯ ಹೆಂಗಸರಿಗೆ ಪೇಪರ್ ಲೋಟ, ಅದೂ ದನದ ಕೊಟ್ಟಿಗೆಯ ಗೋಡೆಯ ಮೇಲೆ ಇಟ್ಟದ್ದು. ಸ್ಟೀಲ್ ಲೋಟ ತುಂಬಿದ್ದ ತಟ್ಟೆ ನನ್ನ ಹತ್ತಿರ ಬಂದು, ನಿಂತು, ಮುಂದೆ ಹೋಯಿತು. ನಾನು ಮೇಡಂ ಮುಖ ನೋಡಿದೆ.

"ಗಂಗಾ, ಪ್ಲೀಸ್ ಅಡ್ಜಸ್ಟ್" ಎಂದು ಕಿವಿಯಲ್ಲಿ ಉಸುರಿದರು. "ಲೊಕೇಶನ್ ಹೋಗ್ಬಿಡುತ್ತೆ. ನಾವು ಮಾಡ್ತಿರೋದು ಇದರ ವಿರುದ್ಧದ ಸಿನಿಮಾನೇ ಅಲ್ವಾ?"

ಇದೇ ಬಾಯಿ ನಮ್ಮ ಯೂನಿವರ್ಸಿಟಿಯ ಚಿತ್ರೋತ್ಸವದಲ್ಲಿ ಮೈಕಿನ ಮುಂದೆ 'ಘನತೆ' ಎಂಬ ಪದವನ್ನು ಎಲೆಯಡಿಕೆಯ ಹಾಗೆ ಜಗಿದಿತ್ತು. ನಾವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದ್ದೆವು. ಇಂಟರ್ನ್‌ಶಿಪ್ ಮಾಡದಿದ್ದರೆ ನಮಗೆ ಡಿಗ್ರಿ ಇಲ್ಲ. ಮಾವ, ಚಿಕ್ಕಪ್ಪ ಎಂದು ಸಿನಿಮಾದಲ್ಲಿ ಯಾರಾದರೂ ಇದ್ದ ಹುಡುಗರು ದೊಡ್ಡ ದೊಡ್ಡ ಬ್ಯಾನರಿಗೆ ಸೇರಿಕೊಂಡಿದ್ದರು. ನನಗೆ ಯಾರಿದ್ದರು? ಕಾರ್ಯಕ್ರಮ ಮುಗಿದ ಮೇಲೆ ಮೇಡಂ ಹತ್ತಿರ ಹೋಗಿ ಕೇಳಿದೆ. ಜಾಗ ಇಲ್ಲ ಅಂದರು. ಆಮೇಲೆ ಯಾವೂರು ಅಂದರು. ಶೆಟ್ಟಿಕೆರೆ ಹತ್ತಿರ ಅಂದೆ. ಅಮ್ಮ ಏನು ಮಾಡ್ತಾರೆ ಅಂದರು. ತೆಂಗಿನ ತೋಟದಲ್ಲಿ ಕೂಲಿ ಅಂದೆ. ಯಾವ ಜನ ಎಂದು ಬಾಯಿಬಿಟ್ಟು ಕೇಳಲಿಲ್ಲ, ತಲೆಯಿಂದ ಕಾಲಿನವರೆಗೆ ನೋಡಿದರು. ಕೂಡಲೇ ಜಾಗ ಸಿಕ್ಕಿತು.

"ರೋಲಿಂಗ್!"

ಮತ್ತೆ ಹಲಗೆ ಬಡಿದೆ. ಮತ್ತೆ ನೀರು. ಸದಾಶಿವಯ್ಯನಿಗೆ ಈಗ ಹುರುಪು ಬಂದಿತ್ತು. ಸ್ಕ್ರಿಪ್ಟಿನಲ್ಲಿ ಅವನಿಗೆ ಮಾತಿರಲಿಲ್ಲ, ಆದರೂ ಶುರು ಹಚ್ಚಿಕೊಂಡ.

"ಕುಡಿಯೇ, ಕುಡಿ. ಕೆರೆ ನೀರ್ನೆಲ್ಲ ಕುಡಿದ್ರೂ ಇಂಗಾಕಿಲ್ಲ ನಿಮ್ಮ ದಾಹ. ಏಯ್, ಹತ್ರ ಬರಬ್ಯಾಡ, ಹಿಂದುಕ್ಕೋಗು!"

ಮಾನಿಟರ್ ನೋಡುತ್ತಿದ್ದ ಮೇಡಂ ಹೆಬ್ಬೆರಳು ಎತ್ತಿ ತೋರಿಸಿದರು.

ಅವ್ವನಿಗೆ ನೀರು ನೆತ್ತಿಗೆ ಹತ್ತಿತು. ಕೆಮ್ಮಿದಳು. ಮೂಗಿನಲ್ಲಿ ನೀರು ಬಂತು. ಅವನು ನಿಲ್ಲಿಸಲಿಲ್ಲ. ಯಾರೂ ಕಟ್ ಅನ್ನಲಿಲ್ಲ. ಅವ್ವ ಕೆಮ್ಮುತ್ತಲೇ ಬೊಗಸೆ ಹಿಡಿದಿದ್ದಳು. ಬಿಟ್ಟರೆ ಮಗಳ ಕೆಲಸ ಕೆಡುತ್ತದೆ ಎಂದು ಹಿಡಿದಿದ್ದಳು.

ಹಲಗೆ ಕೆಳಗೆ ಬಿಸಾಕಿದೆ. ಹೋಗಿ ಅವನ ಕೈಯಿಂದ ಚೊಂಬು ಕಿತ್ತುಕೊಂಡೆ. ಬಾಯಿಗೆ ಕಚ್ಚಿ ಗಟಗಟ ಕುಡಿದೆ. ತುಟಿ ಹಚ್ಚಿದ ಚೊಂಬನ್ನೇ ಅವ್ವನ ಕೈಗೆ ಕೊಟ್ಟೆ.

"ಕುಡಿಯವ್ವ. ಕಚ್ಚಿ ಕುಡಿ."

"ಥೂ, ಕೇರಿ ಮುಂಡೆ!" ಸದಾಶಿವಯ್ಯನ ಎಂಜಲು ನನ್ನ ಮುಖಕ್ಕೆ ಹಾರಿತು. "ನಮ್ಮಜ್ಜಿ ಕಾಲದ ಚೊಂಬ್ ಕಣೇ ಅದು! ಓದ್ಸಿದ್ರೆ ಇದೇ ಕಣೇ ಆಗಾದು! ಕುಂಡೆ ಮ್ಯಾಲೆ ಒದ್ದು ಇಡಬೇಕು ನಿಮ್ಮನ್ನ, ಇಡೋ ಜಾಗದಾಗೆ!"

"ಕಟ್ ಮಾಡ್ಬೇಡಿ, ಯಾರೂ ಕಟ್ ಮಾಡ್ಬೇಡಿ" ಎಂದು ಹಿಂದಿನಿಂದ ಮೇಡಂ ಪಿಸುಗುಟ್ಟುವ ದನಿ ಕೇಳಿತು. ತಿರುಗಿ ನೋಡಿದರೆ ಕ್ಯಾಮೆರಾದ ಕೆಂಪು ದೀಪ ಉರಿಯುತ್ತಲೇ ಇತ್ತು.

ಮೇಡಂ ಓಡಿಬಂದು ನನ್ನನ್ನು ತಬ್ಬಿಕೊಂಡರು. ಅವರ ಕಣ್ಣಲ್ಲಿ ನೀರಿತ್ತು. "ಗಂಗಾ! ಎರಡು ವರ್ಷದಿಂದ ಹುಡುಕ್ತಿದ್ದೆ, ಇದೇ ನನ್ನ ಕ್ಲೈಮ್ಯಾಕ್ಸ್! ಈಗ್ಲೇ ಕ್ಲೋಸಪ್ ತೆಗಿಯೋಣ. ಯಾರಾದ್ರೂ ಹೋಗಿ ಹೀರೋಯಿನ್‌ನ ಕರೀರಿ."

"ಅವರ‍್ಯಾಕೆ?"

"ಇದನ್ನ ಅವರೇ ಮಾಡ್ಬೇಕಲ್ವಾ? ಚೊಂಬು ಹೆಂಗೆ ಕಿತ್ಕೊಂಡೆ, ಹೆಂಗೆ ನೋಡ್ದೆ, ಸ್ವಲ್ಪ ಹೇಳ್ಕೊಡು. ನಿನ್ನ ಹೆಸರು ಅಸಿಸ್ಟೆಂಟ್ ಡೈರೆಕ್ಟರ್ ಅಂತ ಹಾಕ್ತೀನಿ. ಗೋವಾ ಫೆಸ್ಟಿವಲ್‌ಗೆ ನೀನೂ ಬರ್ತೀಯ, ಸ್ಟೇಜ್ ಮೇಲೆ ನನ್ನ ಪಕ್ಕ ನಿಲ್ತೀಯ." ಅಷ್ಟು ಹೇಳಿ ಸದಾಶಿವಯ್ಯನ ಕಡೆ ತಿರುಗಿದರು. "ಸಾರಿ ಸಾರ್. ಹುಡುಗಿ ಎಮೋಷನಲ್ ಆಗ್ಬಿಟ್ಲು. ನೀವು ಬೈದ್ರಲ್ಲ, ಹಂಗೇ ಇನ್ನೊಂದ್ಸಲ ಬೈಬೇಕು."

ಸದಾಶಿವಯ್ಯನ ಸಿಟ್ಟು ಅರ್ಧಕ್ಕೇ ನಿಂತಿತು. ಮೀಸೆ ಒರೆಸಿಕೊಂಡ. "ಪೂರ್ತಿ ಬೈಯಾದೋ? ಇಲ್ಲಾ ಸೆನ್ಸಾರ್ನೋರು ಕುಯ್ತಾರೋ?"

"ಪೂರ್ತಿ ಬೈರಿ ಸಾರ್."

ಲೈಟಿನ ಹುಡುಗರು ನಕ್ಕರು. ಅವನೂ ನಕ್ಕ. ಒಳಗಿನಿಂದ ಯಾರೋ ಹುಣಸೆಹಣ್ಣು ತಂದರು, ಚೊಂಬು ತೊಳೆಯಲಿಕ್ಕೆ.

ಬಗ್ಗಿದ್ದು ಅವ್ವ. ಕೆಮ್ಮಿದ್ದು ಅವ್ವ. ಎದ್ದು ನಿಲ್ಲುವುದು ಮಾತ್ರ ಕಾರಿನಿಂದ ಇಳಿದು ಬರುವವರು.

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡು ನನ್ನ ಕಡೆ ನೋಡಿದಳು. "ಏನಂತೆ ಕಣೇ?"

"ನೀನಿನ್ನು ಬ್ಯಾಡ್ವಂತೆ ಕಣವ್ವ. ನೀರು ಕಿತ್ಕಂಡು ಕುಡಿಯಾಕೆ ಅವ್ರೇ ಬತ್ತಾರಂತೆ."

ಅವ್ವ ಮೊಣಕಾಲ ಮೇಲೆ ಕೈ ಊರಿ ಎದ್ದಳು. ಮೆಟ್ಟಿಲು ಹತ್ತಿದಳು. ಜಗಲಿಯ ಮೇಲೆ, ಕಂಬಕ್ಕೆ ಬೆನ್ನು ಕೊಟ್ಟು, ಕಾಲು ನೀಡಿ ಕೂತುಕೊಂಡಳು. ನಮ್ಮವರು ಯಾರೂ ಆ ಜಗಲಿಯ ಮೇಲೆ ಕೂತದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ.

"ಏಯ್ ಸಿದ್ದಿ! ಇಳಿಯೇ ಕೆಳೀಕೆ!"

"ಕಾಲ್ ನೋಯ್ತಾವೆ ಯಜಮಾನ್ರೇ."

"ಅಮ್ಮಾ, ಇದು ಸೀನಲ್ಲಿ ಇಲ್ಲ" ಎಂದರು ಮೇಡಂ.

"ಸೀನ್ ನೀವ್ ಮಾಡ್ಕಳ್ರವ್ವ. ನಾನ್ ಕುಂತೀವ್ನಿ."

ಸದಾಶಿವಯ್ಯನ ಕುತ್ತಿಗೆಯ ನರ ಉಬ್ಬಿತು. ಈ ಸಲ ಅವನು ಕ್ಯಾಮೆರಾ ಕಡೆ ನೋಡುತ್ತಿರಲಿಲ್ಲ. "ಮೇಡಂ, ಮೊದ್ಲು ಆ ಕ್ಯಾಮೆರಾ ನಿಲ್ಸಿ! ಇದ್ನ ಹಿಡಿದ್ರೆ ನಿಮ್ಗೆ ಮನೇನೂ ಇಲ್ಲ, ತೋಟಾನೂ ಇಲ್ಲ!"

"ಆಫ್ ಮಾಡಿ" ಎಂದರು ನಿಸರ್ಗ ಮೇಡಂ, ಒಂದು ಕ್ಷಣವೂ ಯೋಚಿಸದೆ.

ಕೆಂಪು ದೀಪ ಆರಿತು. ಕ್ಯಾಮೆರಾದವನು ಲೆನ್ಸಿಗೆ ಮುಚ್ಚಳ ಹಾಕಿದ.

"ಗಂಗಾ, ಅಮ್ಮನ್ನ ಕೆಳಗೆ ಇಳ್ಸು." ದನಿಯಲ್ಲಿ ಈಗ ತಬ್ಬಿಕೊಂಡ ಬಿಸಿ ಇರಲಿಲ್ಲ. "ಈಗ ಇಳ್ಸದಿದ್ರೆ ನಿನ್ನ ಇಂಟರ್ನ್‌ಶಿಪ್ ಇಲ್ಲಿಗೆ ಮುಗೀತು. ಡಿಪಾರ್ಟ್‌ಮೆಂಟಿಗೆ ಏನು ಬರೀಬೇಕೋ ಬರೀತೀನಿ."

ನಾನು ಮೆಟ್ಟಿಲು ಹತ್ತಿದೆ. ಅವ್ವ ತಲೆ ಎತ್ತಿ ನೋಡಿದಳು, ಇಳಿಸಲಿಕ್ಕೆ ಬಂದೆನೋ ಏನೋ ಎಂದು. ಅವಳ ಪಕ್ಕ ಕೂತೆ. ಅವಳ ರವಿಕೆ ಇನ್ನೂ ಒದ್ದೆಯಾಗಿತ್ತು.

"ಲೇ, ಯಾರ್ಲಾ ಅಲ್ಲಿ! ದೊಣ್ಣೆ ತಗಂಬಾರ್ಲಾ!" ಎಂದು ಸದಾಶಿವಯ್ಯ ಆಳನ್ನು ಕೂಗಿದ.

ಅಂಗಳದಲ್ಲಿ ಕರಟ ಬಿಡಿಸುವ ಸದ್ದು ನಿಂತುಹೋಯಿತು. ಕೊಬ್ಬರಿ ರಾಶಿಯ ಮಧ್ಯದಿಂದ ನಮ್ಮ ಕೇರಿಯ ಲಕ್ಷ್ಮಕ್ಕ ಎದ್ದಳು. ಸೀರೆಗಂಟಿದ ನಾರು ಕೊಡವಿಕೊಂಡಳು. ಮಚ್ಚನ್ನು ಕೆಳಗಿಡಲಿಲ್ಲ. ನಿಧಾನವಾಗಿ ಬಂದು, ಮೆಟ್ಟಿಲು ಹತ್ತಿ, ನನ್ನ ಮುಂದೆ ನಿಂತಳು.

"ವಸಿ ಸರ್ಕೊಳ್ಳೇ ಗಂಗಿ" ಎಂದಳು. "ಇನ್ನೂ ಬತ್ತಾವ್ರೆ."

ನಾನು ಸರಿದೆ.