ಹುಳುಮನೆಯ ಲೈವ್

ನರಸಿಂಹಪ್ಪನವರ ಚಾಕಿ ಹುಳು ಎಂದರೆ ಶಿಡ್ಲಘಟ್ಟದ ಸುತ್ತಮುತ್ತಲ ರೈತರು ಕಣ್ಣುಮುಚ್ಚಿ ಒಯ್ಯುತ್ತಿದ್ದರು. ರೇಷ್ಮೆ ಮರಿಗಳನ್ನು ಎರಡು ಸಲ ಪೊರೆ ಬಿಡುವವರೆಗೆ ಸಾಕಿ ಕೊಡುವುದು ಅವರ ಕಸುಬು. ಎಳೆ ಹುಳುವಿಗೆ ರೋಗ ಅಂಟಿತೋ, ಒಯ್ದವರ ಬೆಳೆಯೆಲ್ಲ ಮಣ್ಣುಪಾಲು. ಅದಕ್ಕೇ, ಕೈಕಾಲಿಗೆ ರೋಗ ಅಂಟಿಸಿಕೊಂಡು ಬಂದಾರೆಂದು, ಮನೆಯಲ್ಲಿ ಹುಳು ಸಾಕುವವರು ಯಾರೇ ಬರಲಿ, ಬೀಗರೇ ಬರಲಿ, ಕಾಫಿ ಕೊಟ್ಟು ಜಗಲಿಯಲ್ಲೇ ಕೂರಿಸುತ್ತಿದ್ದರು. ಹುಳುಮನೆಯ ಹೊಸಿಲು ದಾಟುವ ಹಾಗಿರಲಿಲ್ಲ.

ಸೊಸೆ ಕವಿತಳ ಕಣ್ಣಿಗೆ ಇದು ಮುದುಕರ ಹಟ. ಹುಡುಗಿ ಚುರುಕು, ಅದರಲ್ಲಿ ಎರಡು ಮಾತಿಲ್ಲ. ಚಾಕಿ ಕೇಂದ್ರಕ್ಕೆ ಫೇಸ್‌ಬುಕ್ ಪೇಜು ಮಾಡಿದಳು, ವಾಟ್ಸಾಪ್ ಗುಂಪು ಕಟ್ಟಿದಳು, ಹಿಪ್ಪುನೇರಳೆ ಸೊಪ್ಪು ಹೆಚ್ಚುವುದನ್ನೂ ರೀಲ್ಸ್ ಮಾಡಿ ಹಾಕಿದಳು. ಗೌರಿಬಿದನೂರು, ಚಿಂತಾಮಣಿ ಕಡೆಯಿಂದೆಲ್ಲ ಬುಕಿಂಗ್ ಬರತೊಡಗಿದಾಗ ಮಾವನಿಗೂ ಒಳಗೊಳಗೇ ಹೆಮ್ಮೆ. ಅಲ್ಲಿಗೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಲೈಕಿನ ರುಚಿ ಹತ್ತಿದವರಿಗೆ ಎಲ್ಲಿ ಸಾಕಾಗುತ್ತದೆ? "ಭಾನುವಾರ ಬನ್ನಿ, ನಮ್ಮ ಹುಳುಮನೆ ನೀವೇ ನೋಡಿ, ಲೈವ್ ಇರುತ್ತೆ" ಎಂದು ಹಾಕಿಯೇಬಿಟ್ಟಳು.

ಜನ ಬಂದರು. ನರಸಿಂಹಪ್ಪ ಬಾಗಿಲಿಗೆ ಕೈ ಅಡ್ಡ ಇಟ್ಟು ನಿಂತರು.

"ಬೇಡ ಕಣಮ್ಮ. ಹುಳ ಇಟ್ಟೋರು ಇದಾರೆ ಇವರಲ್ಲಿ."

ಕವಿತ ಫೋನು ಹಿಡಿದೇ ನಕ್ಕಳು. "ನೋಡಿ ಫ್ರೆಂಡ್ಸ್, ನಮ್ಮ ಮಾವ ಇನ್ನೂ ತಾತನ ಕಾಲದಲ್ಲೇ ಇದಾರೆ! ಎಲ್ಲಾರೂ ಕಾಲು ತೊಳ್ಕೊಂಡಿದಾರೆ, ಬಿಡಿ ಮಾವ."

ಅಷ್ಟು ಜನರೆದುರು ಸೊಸೆಯ ಮಾತು ಮುರಿಯಲು ಮನಸ್ಸು ಬಾರದೆ ಅವರು ಕೈ ತೆಗೆದರು.

ಒಳಗೆ ಒಬ್ಬಾತ ತಟ್ಟೆಗೆ ಕೈಹಾಕಿ, ಹುಳು ಎತ್ತಿ ಕ್ಯಾಮೆರಾಗೆ ತೋರಿಸುತ್ತ, "ನಮ್ಮನೇಲಿ ಹಾಲುತೊಂಡೆ ರೋಗ ಬಂದು ಎಲ್ಲಾ ಸಾಯ್ತಾ ಅವೆ. ಮುಂದಿನ ಸಲ ಇಲ್ಲೇ ತಗೊಳ್ಳಣ ಅಂತ ಬಂದೆ" ಎಂದ. ಜಾಹೀರಾತಿಗೆ ಇದಕ್ಕಿಂತ ಒಳ್ಳೆಯ ಮಾತು ಸಿಕ್ಕೀತೇ? ಕವಿತ ಅಷ್ಟನ್ನೇ ಕತ್ತರಿಸಿ ಗುಂಪಿಗೆಲ್ಲ ಹಂಚಿದಳು. ಆ ಕೈ ಎಂಥ ಮನೆಯಿಂದ ಬಂದಿತ್ತೆಂದು ಅವಳಿಗೆ ಹೊಳೆಯಲೇ ಇಲ್ಲ.

ಆ ಸಲದ ಚಾಕಿ ಒಯ್ದವರ ಮನೆಗಳಲ್ಲಿ ಹುಳುಗಳು ಗೂಡು ಕಟ್ಟುವ ಮೊದಲೇ ಊದಿಕೊಂಡು, ಹಾಲಿನಂಥ ನೀರು ಸುರಿಸಿ ಸತ್ತವು. ಪೇಜಿನ ತುಂಬ ಬೈಗುಳ. ಕವಿತ ಎಲ್ಲವನ್ನೂ ಅಳಿಸಿದಳು. ಆದರೆ ಊರೂರಿನ ಫೋನುಗಳಿಗೆ ಹೋಗಿದ್ದನ್ನು ಅಳಿಸುವವರು ಯಾರು?

ಒಂದು ಬೆಳಿಗ್ಗೆ, ಹಾಗೆ ಬೆಳೆ ಕಳೆದುಕೊಂಡವರಲ್ಲೊಬ್ಬ, ನಗರಗೆರೆಯ ಕೊಂಡಪ್ಪ ಬಂದ. ರೇಷ್ಮೆಗೆ ಇಳಿದಾಗಿನಿಂದ ನರಸಿಂಹಪ್ಪನವರ ಹುಳು ಬಿಟ್ಟು ಬೇರೆಯದನ್ನು ಮುಟ್ಟಿದವನಲ್ಲ. ಅವನು ಬಾಯಿ ತೆರೆಯುವ ಮೊದಲೇ ನರಸಿಂಹಪ್ಪ ಕೈಮುಗಿದರು.

"ತಪ್ಪು ನಂದಪ್ಪಾ. ನಾನೇ ಜನಾನ ಒಳಗೆ ಕರ್ಕೊಂಡು ಹೋದೆ. ವಯಸ್ಸಾಯ್ತು, ಬುದ್ಧಿ ಓಡ್ಲಿಲ್ಲ."

ಕಾಫಿ ತಂದ ಕವಿತ ಬಾಗಿಲಲ್ಲೇ ನಿಂತುಬಿಟ್ಟಳು.

"ಸುಮ್ನಿರಣ್ಣ," ಎಂದ ಕೊಂಡಪ್ಪ. "ಅವತ್ತಿನ ಲೈವ್ ವಿಡಿಯೋ ನಾನೂ ನೋಡ್ದೆ. ನೀನು ಕೈ ಅಡ್ಡ ಇಟ್ಟಿದ್ದು, ಈಯಮ್ಮ ನಕ್ಕಿದ್ದು, ನಮ್ಮೂರೆಲ್ಲಾ ನೋಡವ್ರೆ."

ನರಸಿಂಹಪ್ಪ ತಲೆ ತಗ್ಗಿಸಿದರು. ಆ ತಗ್ಗಿದ ತಲೆಯನ್ನು ನೋಡಲಾರದೆ ಕವಿತ ಕಾಫಿ ಲೋಟವನ್ನು ಕೊಂಡಪ್ಪನ ಮುಂದಿಟ್ಟು ಹಿಂದೆ ಸರಿದಳು. ಕೊಂಡಪ್ಪ ಕಾಫಿ ಕುಡಿದ, ಮಳೆ ವಿಚಾರ ಮಾತಾಡಿದ, ಬರ್ತೀನಿ ಎಂದು ಎದ್ದು ಹೋದ.

"ನನ್ನ ತಪ್ಪನ್ನ ನೀವ್ಯಾಕೆ ಹೊತ್ಕೊಂಡ್ರಿ ಮಾವ?" ಕವಿತ ಅಳುತ್ತಲೇ ಕೇಳಿದಳು. "ನಂಗೇ ನಾಲ್ಕು ಮಾತು ಬೈದು ಹೋಗ್ಲಿ ಅಂತ ಕಾಯ್ತಿದ್ದೆ. ಪಾಪ, ಅವ್ರು ಒಂದು ಮಾತೂ ಬೈಲಿಲ್ಲ."

ನರಸಿಂಹಪ್ಪ ಕೊಂಡಪ್ಪ ಹೋದ ದಾರಿಯನ್ನೇ ನೋಡುತ್ತಿದ್ದರು.

"ಅದೇ ಕಣಮ್ಮ. ಬೈದಿದ್ರೆ ತಿರ್ಗಾ ಬರ್ತಿದ್ದ."